ಅತನೂರಿನಲ್ಲಿ ನಾನು ಕಟ್ಟಿದ ಹುಲ್ಲಿನ ಮನುಷ್ಯ

ಎದುರಾಳಿ ಉತ್ತರಿಸದೆ ಬಿಟ್ಟ ಮಾತನ್ನು ಆತ ಒಪ್ಪಿಕೊಂಡ ಮಾತೆಂದೇ ಹಿಡಿಯಬೇಕು. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ನಿಯಮ ಇದು. ವೇದಿಕೆಯ ಮೇಲೆ ಇದು ನ್ಯಾಯವಾದ ನಿಯಮವೇ. ನಾನು ಮಾತ್ರ ಇದನ್ನು ವೇದಿಕೆಯಿಂದ ಇಳಿಸಿ ಮನೆಗೆ ತಂದೆ. ಆಳಂದದಲ್ಲಿ ನಮ್ಮಜ್ಜಿ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ನಾನು ಎದುರಿಗೆ ಕೂತು ದೇವರಿರುವುದಕ್ಕೆ ಪುರಾವೆ ಕೇಳುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಉತ್ತರ ಬರಲಿಲ್ಲ, ಆದ್ದರಿಂದ ನಾನು ಗೆದ್ದೆ. ಹೀಗೆ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ದೇವರು, ಜಾತಕ, ನೆಂಟರು, ಭೂಗೋಳದ ಮಾಸ್ತರರು ಎಲ್ಲರನ್ನೂ ಸೋಲಿಸಿ ಕೂತಿದ್ದೆ. ಅವರಲ್ಲಿ ಯಾರಿಗೂ ತಾವು ಸೋತ ಸುದ್ದಿ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

"ನಿನ್ನ ಸಂಗಾಟ ಕುಂತು ಎರಡು ರೊಟ್ಟಿ ಉಣ್ಣಾಕ ಆಗಂಗಿಲ್ಲ ಬೇ," ಅನ್ನುತ್ತಿದ್ದಳು ಅವ್ವ. "ಪಲ್ಯಾಕ ಉಪ್ಪು ಕಡಿಮಿ ಆಗ್ಯದ ಅಂತ ಅನ್ನಾಕೂ ಮೂರು ಕಾರಣ ಕೊಡ್ತಿ."

ನಾನು ಕೊಡುತ್ತಿದ್ದದ್ದು ನಾಲ್ಕು ಕಾರಣ. ಅವ್ವ ಒಂದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಇಂಥವಳಿಗೆ ಇಂಗ್ಲಿಷ್ ಎಂ.ಎ. ಮುಗಿಸಿದ ಮೇಲೆ ಜೇವರ್ಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದ ಹನ್ನೊಂದು ಮಕ್ಕಳನ್ನು ನನಗೆ ಒಪ್ಪಿಸಿದರು. ಅವರಿಗೆ ಸಾಹಿತ್ಯದ ಮತ್ತು ಮಾತುಗಾರಿಕೆಯ ಪರಿಭಾಷೆ ಕಲಿಸಬೇಕಿತ್ತು. ಮೆಟಫರ್, ಐರನಿ, ಹೈಪರ್ಬೊಲಿ, ಅನಾಫೊರಾ; ಆಮೇಲೆ ಕೇಳುಗರನ್ನು ಒಲಿಸಿಕೊಳ್ಳುವ ಮೂರು ದಾರಿಗಳಾದ ಈಥೋಸ್, ಪೇಥೋಸ್, ಲೋಗೋಸ್. ಹೇಳುವವನ ಯೋಗ್ಯತೆ, ಕೇಳುವವನ ಭಾವನೆ, ಮಾತಿನ ತರ್ಕ. ನಲವತ್ತು ಪದಗಳನ್ನು ಒಂದು ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಅಕ್ಷರ ದುಂಡಗಿರಲಿ ಎಂದು ಎರಡು ಸಲ ಬರೆದಿದ್ದೆ. ಪ್ರಾಂಶುಪಾಲರು ಬಂದು ನೋಡಿ, "ಇವೇನು ಔಷಧದ ಹೆಸರೇನ್ರಿ?" ಎಂದು ಕೇಳಿ ಹೋದರು.

ಪಾಠಕ್ಕೆ ನನ್ನದೊಂದು ಪದ್ಧತಿ ಇತ್ತು, ಅದರ ಬಗ್ಗೆ ತಕ್ಕಮಟ್ಟಿನ ಜಂಬವೂ ಇತ್ತು. ಪುಟದಲ್ಲಿ ಗೆರೆ ಎಳೆದು ಮೂರು ಕಾಲಮ್ಮು ಮಾಡಬೇಕು. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಉದಾಹರಣೆ, ಮೂರನೆಯದರಲ್ಲಿ ಅದರಿಂದ ಕೇಳುವವರ ಮೇಲೆ ಆದ ಪರಿಣಾಮ. ಬರೀ ಹೆಸರು ಹೇಳಿದರೆ ಅಂಕವಿಲ್ಲ. ಉದಾಹರಣೆಗಳನ್ನು ಪುಸ್ತಕದಿಂದ ತರಬಾರದು, ಮನೆಯಲ್ಲಿ ದಾರಿಯಲ್ಲಿ ಕಿವಿಗೆ ಬಿದ್ದದ್ದನ್ನೇ ತರಬೇಕು.

ತಂದರು. ಒಬ್ಬ ಹುಡುಗ ಬಸ್ಸಿನ ಕಂಡಕ್ಟರ್ ಮಾತನ್ನು ಅನಾಫೊರಾಕ್ಕೆ ತಂದ. ಒಂದೇ ಮಾತು ಸಾಲುಸಾಲಿನ ಮೊದಲಿಗೆ ಮರಳಿ ಬರುವುದಕ್ಕೆ ಆ ಹೆಸರು. "ಮುಂದ ನಡೀರಿ ಯಜಮಾನ್ರ, ಮುಂದ ನಡೀರಿ ಅಕ್ಕಾರ, ಮುಂದ ನಡೀರಿ ಮುಂದ ಜಾಗ ಅದ." ಪರಿಣಾಮದ ಕಾಲಮ್ಮಿನಲ್ಲಿ ಬರೆದಿದ್ದ: ಯಾರೂ ನಡೆಯಲಿಲ್ಲ. ಇನ್ನೊಬ್ಬಳು ಭಾಗದ ಹೆಸರಿನಿಂದ ಇಡೀ ವಸ್ತುವನ್ನು ಕರೆಯುವ ಸಿನೆಕ್ಡಕಿಗೆ "ನಮ್ಮ ಮನ್ಯಾಗ ಒಂಬತ್ತು ಬಾಯಿ ಅದಾವ" ಅನ್ನುವುದನ್ನು ತಂದಳು. ಉತ್ತರ ಬೇಡದ ಪ್ರಶ್ನೆಗೆ ಒಬ್ಬ ತನ್ನ ಅಪ್ಪನ "ನಿನಗ ಜರಾನಾದ್ರೂ ಅಕಲ್ ಅದ ಏನಲೇ?" ಎಂಬುದನ್ನು ತಂದು, ತಾನು ಅದಕ್ಕೆ "ಅದಪ್ಪ" ಎಂದು ಉತ್ತರ ಕೊಟ್ಟಿದ್ದರಿಂದ ಆದ ಪರಿಣಾಮವನ್ನು ಮೊಣಕೈ ತೋರಿಸಿ ವಿವರಿಸಿದ.

ಇವರೆಲ್ಲರಲ್ಲಿ ಚುರುಕು ಅಂದರೆ ಅತನೂರಿನ ಹುಡುಗಿ. ಅಫಜಲಪುರ ತಾಲೂಕಿನ ಆ ಊರಿನಿಂದ ಬಂದು ಜೇವರ್ಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಓದುತ್ತಿದ್ದಳು. ಮಾತು ಕಡಿಮೆ, ಬರೆಯುವುದು ಹೆಚ್ಚು. ನಕಾರದಿಂದ ಮೆಚ್ಚುಗೆ ಹೇಳುವ ಲೈಟೋಟೀಸ್ ಎಂಬ ಪದಕ್ಕೆ ಯಾರಿಗೂ ಉದಾಹರಣೆ ಹೊಳೆಯದಿದ್ದಾಗ ಈಕೆ ಎದ್ದು, "ನಮ್ಮಪ್ಪ ಅಡಗಿ ಭಾಳ ಛಂದ ಆದ್ರ 'ಅಡ್ಡಿ ಇಲ್ಲ' ಅಂತಾರ್ರಿ," ಅಂದಳು. "ಪರಿಣಾಮ, ಅವ್ವ ಎರಡು ದಿನ ಖುಷಿ ಇರ್ತಾಳ್ರಿ."

ಅದೇ ವಾರ ಹುಲ್ಲಿನ ಮನುಷ್ಯನ ಪಾಠ ಮಾಡಿದ್ದೆ. ಇಂಗ್ಲಿಷಿನಲ್ಲಿ ಸ್ಟ್ರಾ ಮ್ಯಾನ್ ಅನ್ನುತ್ತಾರೆ. ಎದುರಿನವನು ಆಡದ ಮಾತನ್ನು ಅವನ ಬಾಯಿಗೆ ಹಾಕಿ, ಆ ಮಾತನ್ನು ಹೊಡೆದು ಬೀಳಿಸಿ, ಗೆದ್ದೆ ಎಂದುಕೊಳ್ಳುವುದು. ಜೋಳದ ಹೊಲದ ಬೆದರುಬೊಂಬೆಗೆ ಹೊಡೆದು ಪೈಲ್ವಾನ್ ಆದೆ ಎಂದ ಹಾಗೆ, ಎಂದು ಹೇಳಿದ್ದೆ. ಮಕ್ಕಳು ನಕ್ಕಿದ್ದರು. ಇದು ಸೋಮಾರಿಗಳು ಮತ್ತು ರಾಜಕಾರಣಿಗಳು ಮಾಡುವ ತಪ್ಪು ಎಂದೂ ಸೇರಿಸಿದ್ದೆ.

ಪರೀಕ್ಷೆಯ ವರ್ಷ ಅದು. ಬೇರೆ ರಾಜ್ಯದ ಒಂದು ವಸತಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಐದು ವರ್ಷದ ಕೋರ್ಸ್ ಇತ್ತು. ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ಅರ್ಜಿ ನಾಲ್ಕು ಹಾಳೆ. ಅದನ್ನು ಪ್ರಿಂಟ್ ತೆಗೆದು, ಅಪ್ಪನ ಸಹಿ ಮಾಡಿಸಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಬೇಕು. ಹನ್ನೊಂದು ಮಕ್ಕಳಲ್ಲಿ ಆ ಪರೀಕ್ಷೆ ಪಾಸಾಗುವ ಶಕ್ತಿ ಇದ್ದವಳು ಅತನೂರಿನ ಹುಡುಗಿ ಒಬ್ಬಳೇ. ಕೊನೆಯ ದಿನಕ್ಕೆ ಇನ್ನೂ ಹದಿನೈದು ದಿನ ಇರುವಾಗ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮೇಡಂರೀ, ಅಪ್ಪ ಸಹಿ ಮಾಡಿಲ್ರಿ. ನಿಮ್ಮನ್ನ ಒಮ್ಮಿ ಕರಕೊಂಡು ಬಾ ಅಂದಾರ್ರಿ. ಯಾಕಂದ್ರ ಆ ಅರ್ಜಿ—"

"ಯಾಕ ಅಂತ ನನಗ ಗೊತ್ತದ," ಎಂದೆ.

ಅಷ್ಟು ಹೇಳಿ ಆಕೆಯ ಮಾತು ಕತ್ತರಿಸಿದೆ. ನನಗೆ ನಿಜವಾಗಿಯೂ ಗೊತ್ತಿತ್ತು. ಹಳ್ಳಿ, ಜಮೀನುದಾರ ಅಪ್ಪ, ಹದಿನೇಳು ವರ್ಷದ ಮಗಳು, ದೂರದ ಊರು. ಇನ್ನೇನು ಕಾರಣ ಇರಲು ಸಾಧ್ಯ? ನಾನು ಇದೇ ವಿಷಯದ ಮೇಲೆ ಐದು ಸ್ಪರ್ಧೆಗಳಲ್ಲಿ ಮಾತಾಡಿದ್ದೆ, ಪರವಾಗಿ ಮೂರು, ವಿರುದ್ಧವಾಗಿ ಎರಡು. 'ಕರಕೊಂಡು ಬಾ' ಎಂಬುದು ನನ್ನ ಕಿವಿಗೆ ಪಂಥದ ಹಾಗೆ ಕೇಳಿಸಿತು.

ಮುಂದಿನ ರವಿವಾರ ಹೊರಟೆವು. ಅಂದು ಅಮಾವಾಸ್ಯೆ ಎಂಬುದು ವಿಚಾರವಾದಿಯಾದ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಬಸ್ಸಿನ ತುಂಬ ಘತ್ತರಗಿಯ ದೇವಿಗೆ ಹೋಗುವವರು. ಒಬ್ಬ ಮುದುಕಿಯ ಕಾಯಿ-ಕರ್ಪೂರದ ಚೀಲ ನನ್ನ ತೊಡೆಯ ಮೇಲೆ, ಆಕೆಯ ಮೊಮ್ಮಗಳ ಕಾಲು ನನ್ನ ನೋಟ್ಸಿನ ಮೇಲೆ. ಕೂತಲ್ಲೇ ತೂಗಾಡುತ್ತ ನನ್ನ ಮಂಡನೆಯನ್ನು ತಿದ್ದಿಕೊಂಡೆ. ಭೀಮಾ ಹೊಳೆ ದಾಟುವಾಗ ಇಡೀ ಬಸ್ಸು ಕೈ ಮುಗಿಯಿತು. ನನ್ನ ಎರಡೂ ಕೈಯಲ್ಲಿ ಮುದುಕಿಯ ಚೀಲ ಇತ್ತು, ಇಲ್ಲದಿದ್ದರೆ ಅಲ್ಲೂ ಒಂದು ಚರ್ಚೆ ಆಗುತ್ತಿತ್ತು.

ಹುಡುಗಿಯ ಅಪ್ಪ ಐವತ್ತರ ಆಸುಪಾಸಿನವರು, ಹಣೆಗೆ ವಿಭೂತಿ, ಮೂಗಿನ ಮೇಲೆ ಕನ್ನಡಕ. ನಾವು ಹೋದಾಗ ಕನ್ನಡ ಪೇಪರಿನ ಟೆಂಡರ್ ನೋಟಿಸುಗಳನ್ನು ಒಂದೊಂದಾಗಿ, ಬೆರಳಿಟ್ಟು ಓದುತ್ತಿದ್ದರು. ಅವರು ಟೆಂಡರ್ ಹಾಕುವವರಲ್ಲ, ತೊಗರಿ ಬೆಳೆಯುವವರು. ಇದು ವಿಚಿತ್ರ ಅನ್ನಿಸಿ, ಅಷ್ಟಕ್ಕೇ ಬಿಟ್ಟೆ.

"ಬರ್ರಿ ಮೇಡಂ, ಕೂಡ್ರಿ. ಬಿಸಲಾಗ ಬಂದೀರಿ. ಮೊದಲ ಊಟ ಆಗ್ಲಿ," ಎಂದರು.

ಊಟಕ್ಕೆ ಕೂತೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಗಡಿಗೆಯ ಮೊಸರು. ಮೊದಲ ರೊಟ್ಟಿಗೆ ಈಥೋಸ್ ಶುರು ಮಾಡಿದೆ: ನಾನೂ ಆಳಂದದ ಕಡೆಯವಳು, ನಿಮ್ಮಂಥದೇ ಮನೆತನದವಳು, ನಾನೂ ಹೊರಗೆ ಹೋಗಿ ಓದಿದವಳು. ಎರಡನೆಯ ರೊಟ್ಟಿಗೆ ಲೋಗೋಸ್. ಓದಿದ ಹೆಣ್ಣುಮಗಳಿಂದ ಮನೆಗೆ ಏನು ಲಾಭ, ಸಮಾಜಕ್ಕೆ ಏನು ಲಾಭ, ಹೆಣ್ಣುಮಕ್ಕಳನ್ನು ಕಟ್ಟಿಹಾಕುವುದರಲ್ಲಿ ಯಾವ ತರ್ಕವೂ ಇಲ್ಲ. ಮೂರನೆಯ ರೊಟ್ಟಿ ನನಗೆ ಬೇಕಿರಲಿಲ್ಲ, ಆದರೆ ಇನ್ನೂ ಎರಡು ಅಂಶ ಉಳಿದಿದ್ದವು, ಹಾಕಿಸಿಕೊಂಡೆ.

"ಹೌದ್ರಿ," ಅನ್ನುತ್ತಿದ್ದರು ಅವರು. "ಖರೇನ ಅದ ನೀವು ಹೇಳೂದು."

ನಡುವೆ ಒಮ್ಮೆ ಮೆಲ್ಲಗೆ ಕೇಳಿದರು. "ಆ ಕಾಗದದ ಬಗ್ಗೆ ಜರಾ..."

"ಕಾಗದ ದೊಡ್ಡ ಮಾತಲ್ಲ ಯಜಮಾನ್ರ. ಕಾಗದ ಎಲ್ಲಾರೂ ತುಂಬ್ತಾರ. ಮೊದಲು ವಿಚಾರ ಸ್ಪಷ್ಟ ಆಗ್ಬೇಕು," ಎಂದೆ. ಮುಖ್ಯ ವಿಷಯದಿಂದ ಕೇಳುಗರನ್ನು ಆಚೆ ಎಳೆಯುವ ತಂತ್ರಕ್ಕೂ ನನ್ನ ಚಾರ್ಟಿನಲ್ಲಿ ಒಂದು ಹೆಸರಿತ್ತು. ಮನಸ್ಸಿನಲ್ಲೇ ಅದನ್ನು ಅವರಿಗೆ ಅಂಟಿಸಿದೆ.

"ಹೌದ್ರಿ," ಎಂದರು. ಮೊಸರು ಬಡಿಸಿದರು.

ನಾನು ಹೇಳಿದ ಹದಿಮೂರು ಅಂಶಗಳಲ್ಲಿ ಒಂದಕ್ಕೂ ಅವರು ಎದುರು ಹೇಳಲಿಲ್ಲ. ಹದಿಮೂರರಲ್ಲೂ ಗೆಲುವು ನನ್ನದೇ. ಉಣ್ಣುತ್ತಿರುವ ಅತಿಥಿಗೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ ಎಂಬುದು, ಹುಟ್ಟಿನಿಂದ ಇದೇ ಸೀಮೆಯಲ್ಲಿ ಉಂಡು ಬೆಳೆದ ನನಗೆ ಆ ಹೊತ್ತಿನಲ್ಲಿ ನೆನಪಾಗಲೇ ಇಲ್ಲ. ಬಸ್ ಹತ್ತುವಾಗ ಹುಡುಗಿಗೆ, "ಮುಗೀತು, ಸೋಮವಾರ ಸಹಿ ಆಗಿರ್ತದ," ಎಂದೆ.

ಸಹಿ ಆಗಲಿಲ್ಲ.

ಎರಡನೆಯ ಸುತ್ತಿಗೆ ಹೋಗುವ ಮೊದಲು ಒಂದು ರಾತ್ರಿ ಆಳಂದಕ್ಕೆ ಹೋಗಿದ್ದೆ. ಅವ್ವ ಎಲ್ಲ ಕೇಳಿಸಿಕೊಂಡು, "ಅಂವ ಏನಂದ?" ಎಂದಳು.

"ಏನೂ ಅನ್ಲಿಲ್ಲ. ಅದೇ ಅವರ ಸೋಲು."

"ನೀ ಅವನಿಗಿ ಏನರೆ ಕೇಳಿದೇನು?"

"ಕೇಳೂದೇನದ ಅದ್ರಾಗ?"

ಅವ್ವ ಉತ್ತರ ಕೊಡದೆ ಕಾಯಿಪಲ್ಯ ಹೆಚ್ಚುವುದಕ್ಕೆ ಹೋದಳು. ಅಲ್ಲಿಯೂ ನಾನೇ ಗೆದ್ದೆ.

ಎರಡನೆಯ ಸಲ ಪೇಥೋಸ್ ಒಯ್ದೆ. ಲೋಗೋಸ್ ನಾಟಲಿಲ್ಲ ಅಂದರೆ ಎದೆಗೇ ಹೋಗಬೇಕು. ಮಗಳ ಕಣ್ಣಿನಲ್ಲಿನ ಕನಸು, ಮುರಿದ ರೆಕ್ಕೆ, ಮುಚ್ಚಿದ ಬಾಗಿಲು. ಈಗ ನೆನಸಿಕೊಂಡರೆ ಕಿವಿ ಬಿಸಿಯಾಗುತ್ತದೆ, ಅಂದು ಮಾತ್ರ ನನ್ನ ಧ್ವನಿ ಸರಿಯಾದ ಜಾಗದಲ್ಲೇ ನಡುಗಿತು. ಹುಡುಗಿಯ ಅವ್ವ ಒಳಗಿನಿಂದ ಇಣುಕಿ, ಯಾರೋ ತೀರಿಕೊಂಡರೇನೋ ಎಂಬಂತೆ ನೋಡಿ ಹೋದಳು. ಹುಡುಗಿ ಬಾಗಿಲ ಹಿಂದೆ ಕೂತು ಏನೋ ಬರೆಯುತ್ತಿದ್ದಳು.

ಈ ಸಲ ಅರ್ಜಿಯ ನಾಲ್ಕು ಹಾಳೆಗಳನ್ನು ಯಜಮಾನರು ಮೊದಲೇ ತಂದು, ಹಗ್ಗದ ಹೊರಸಿನ ಮೇಲೆ ನನ್ನ ಪಕ್ಕದಲ್ಲಿ ಇಟ್ಟಿದ್ದರು. ತಮ್ಮ ಕನ್ನಡಕ ಒರೆಸಿ ಹಾಕಿಕೊಂಡು, ಮೂರನೆಯ ಹಾಳೆ ಮೇಲೆ ಬರುವ ಹಾಗೆ ಮಡಚಿ, ನನ್ನ ಕಡೆ ಸ್ವಲ್ಪ ಸರಿಸಿದರು. ನಾನು ಮಾತು ನಿಲ್ಲಿಸದೆ ಚಹಾದ ಲೋಟವನ್ನು ಅದರ ಮೇಲೆ ಇಟ್ಟೆ.

ಅವರು ಒಂದು ಗಳಿಗೆ ಲೋಟ ನೋಡಿದರು. ಆಮೇಲೆ ಮೆಲ್ಲಗೆ ಅದನ್ನು ಎತ್ತಿ ನೆಲದ ಮೇಲಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಹಾಳೆಯ ಮೇಲಾಗಿದ್ದ ದುಂಡನೆಯ ಕಲೆ ಒರೆಸಿದರು.

"ಇರ್ಲಿ ಬಿಡ್ರಿ ಮೇಡಂ. ಭಾಳ ದೂರದಿಂದ ಬರ್ತೀರಿ," ಎಂದರು. ಹಾಳೆಗಳನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದರು.

ಕೊನೆಯ ದಿನಕ್ಕೆ ನಾಲ್ಕು ದಿನ ಉಳಿದಿತ್ತು. ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಗೊಬ್ಬೂರಿನ ಹತ್ತಿರ ಎಮ್ಮೆಗಳು ರಸ್ತೆ ದಾಟಲಿ ಎಂದು ಬಸ್ಸು ನಿಂತಾಗ ಹುಡುಗಿಯನ್ನು ಕೇಳಿದೆ. "ಬಾಗಲ ಹಿಂದ ಕುಂತು ಏನ ಬರ್ಯಾಕತ್ತಿದ್ದಿ?"

"ಸಿಟ್ಟಿಗೇಳಬ್ಯಾಡ್ರಿ ಮೇಡಂ. ಪ್ರಾಕ್ಟೀಸ್ ಮಾಡಾಕತ್ತಿದ್ದೆ."

ನೋಟ್‌ಬುಕ್ ಕೊಟ್ಟಳು. ಮೂರು ಕಾಲಮ್ಮು, ನಾನು ಕಲಿಸಿದ ಹಾಗೆಯೇ. ಪದಗಳ ಕಾಲಮ್ಮಿನಲ್ಲಿ ಹತ್ತೊಂಬತ್ತು ಪದ, ಒಂದೂ ತಪ್ಪಿಲ್ಲ. ಉದಾಹರಣೆಗಳ ಕಾಲಮ್ಮಿನಲ್ಲಿ ನನ್ನ ಮಾತು, ಶಬ್ದಕ್ಕೆ ಶಬ್ದ. ಪರಿಣಾಮದ ಕಾಲಮ್ಮಿನಲ್ಲಿ, ಅಪ್ಪ ಗಡಿಯಾರ ನೋಡಿದರು. ಅಪ್ಪ ಅರ್ಜಿ ನೋಡಿದರು. ಅವ್ವ ಹೆದರಿದಳು. ಅಪ್ಪ ಮತ್ತೆ ಅರ್ಜಿ ನೋಡಿದರು. ಕೊನೆಯ ಸಾಲು ಹೀಗಿತ್ತು. ಪದ: ಹುಲ್ಲಿನ ಮನುಷ್ಯ. ಉದಾಹರಣೆ: ಎರಡೂ ರವಿವಾರ, ಪೂರ್ತಿ.

"ಇದೇನಿದು?" ಎಂದೆ.

"ಅಪ್ಪ ಬ್ಯಾಡ ಅಂದೇ ಇಲ್ರಿ," ಎಂದಳು. "ಓದ್ಲಿ, ಎಲ್ಲಿ ಬೇಕಾದಲ್ಲಿ ಹೋಗ್ಲಿ ಅಂತ ಅವರೇ ಅಂದಾರ್ರಿ."

"ಮತ್ತ ಸಹಿ?"

"ಓದಿಸಿ ಕೇಳದ ಕಾಗದಕ್ಕ ನಮ್ಮ ಮನ್ಯಾಗ ಯಾರೂ ಸಹಿ ಮಾಡಂಗಿಲ್ರಿ."

ಆಮೇಲೆ ಹೇಳಿದಳು. ನಿಜಾಮರ ಕಾಲದಲ್ಲಿ ಆಕೆಯ ಮುತ್ತಜ್ಜ ಒಂದು ಉರ್ದು ಕಾಗದಕ್ಕೆ, ಕಚೇರಿಯವರು ತೋರಿಸಿದ ಜಾಗದಲ್ಲಿ, ಸಹಿ ಮಾಡಿದ್ದ. ಅದರಲ್ಲಿ ಏನಿದೆ ಎಂದು ಆತನಿಗೆ ತಿಳಿದದ್ದು ತನ್ನ ಬಾವಿಯೇ ಪಕ್ಕದ ಹೊಲದವರ ಪಾಲಾದ ಮೇಲೆ. ಅಂದಿನಿಂದ ಆ ಮನೆಯಲ್ಲಿ ಒಂದು ನೇಮ. ಓದಲು ಬಾರದ ಲಿಪಿಯ ಕಾಗದ ಬಂದರೆ, ಬಲ್ಲವರನ್ನು ಕರೆದು, ಉಣ್ಣಿಸಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೇ ಸಹಿ. ಅಪ್ಪನಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಇಲ್ಲ. ಹುಡುಗಿ ತಾನೇ ಓದಿ ಹೇಳಿದಳು. ಎರಡು ಹಾಳೆ ಸರಾಗ ಹೋಯಿತು. ಮೂರನೆಯ ಹಾಳೆಯ ಷರತ್ತುಗಳಲ್ಲಿ ಕಾನೂನಿನ ಶಬ್ದಗಳು ಬಂದು ತೊದಲಿದಳು. ಅಪ್ಪ, ನಿಮ್ಮ ಇಂಗ್ಲಿಷ್ ಮೇಡಂ ಅವರನ್ನು ಕರಕೊಂಡು ಬಾ, ಅವರಿಗೆ ಗೊತ್ತಿರುತ್ತದೆ, ಎಂದರು.

ನನ್ನನ್ನು ಕರೆದದ್ದು ಓದುವುದಕ್ಕೆ. ನಾನು ಹೋಗಿ ಎರಡು ಸಲ ಉಂಡು ಬಂದಿದ್ದೆ.

"ನೀ ಯಾಕ ಮೊದಲ ಹೇಳ್ಲಿಲ್ಲ?" ಎಂದು ಕೇಳಿದೆ. ಕೇಳಿದ ಮೇಲೆ ಸ್ಟಾಫ್ ರೂಮಿನ ಬಾಗಿಲು ನೆನಪಾಯಿತು. ಆಕೆ ಅದನ್ನು ನೆನಪಿಸುವ ಗೋಜಿಗೆ ಹೋಗಲಿಲ್ಲ. "ಮೊದಲ ಸಲ ಆದ ಮ್ಯಾಲ ಹೇಳಬೇಕಂತ ಮಾಡಿದ್ದೆ. ಅಪ್ಪ ಬ್ಯಾಡ ಅಂದ್ರು," ಎಂದಳು.

"ಯಾಕ?"

"ಪಾಪ, ಮೇಡಂಗೂ ಆ ಮೂರನೇ ಹಾಳಿ ಓದಾಕ ಬರಂಗಿಲ್ಲ ಕಾಣ್ತದ, ಅದಕ್ಕ ಬ್ಯಾರೆ ಬ್ಯಾರೆ ಮಾತಾಡಿ ತಪ್ಪಿಸ್ಕೊಳ್ಳಾಕತ್ತಾರ, ನಾಕ ಮಂದ್ಯಾಗ ಅವರ ಮಾನ ಕಳೀಬ್ಯಾಡ ಅಂದ್ರು. ಇವತ್ತ ಇನ್ನೊಮ್ಮಿ ನೋಡೋಣಂತ ಅವರೇ ಹಾಳಿ ಮುಂದ ಇಟ್ಟಿದ್ರು. ನೀವು ಲೋಟ ಇಟ್ರಿ."

ಎಮ್ಮೆಗಳು ದಾಟಿ ಮುಗಿದಿದ್ದವು. ಬಸ್ಸು ಹೊರಟಿತು. ನನ್ನ ಜೀವಮಾನದಲ್ಲಿ ನನ್ನ ಬಗ್ಗೆ ಇಷ್ಟು ಮರ್ಯಾದೆಯಿಂದ ಇಷ್ಟು ಕೆಟ್ಟ ಅಭಿಪ್ರಾಯವನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಅವರು ತಪ್ಪು ತಿಳಿದಿದ್ದಾರೆ ಎಂದು ತೋರಿಸುವುದಕ್ಕೆ ಅರ್ಜಿ ಇಸಿದುಕೊಂಡು, ಚಹಾದ ಕಲೆ ಇದ್ದ ಮೂರನೆಯ ಹಾಳೆ ತೆಗೆದೆ.

ಓದಿದೆ. ಮತ್ತೊಮ್ಮೆ ಓದಿದೆ. ಒಂದು ವಾಕ್ಯ ಹದಿನೈದು ಸಾಲು ಇತ್ತು, ಅದರ ಕ್ರಿಯಾಪದ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಕಲಬುರಗಿ ಬಂತು. ಇಂಗ್ಲಿಷಿನಲ್ಲಿ ಅದು ಏನು ಹೇಳುತ್ತದೆ ಎಂದು ಮಸುಕಾಗಿ ತಿಳಿಯುತ್ತಿತ್ತು. ಅದನ್ನು ಅತನೂರಿನ ಹೊರಸಿನ ಮೇಲೆ ಕೂತವರಿಗೆ ತಿಳಿಯುವ ಹಾಗೆ ಹೇಳು ಅಂದರೆ ನನ್ನ ಬಳಿ ಮಾತಿರಲಿಲ್ಲ. ಯಜಮಾನರ ಅಂದಾಜು ಬಹುಪಾಲು ಸರಿಯಾಗಿಯೇ ಇತ್ತು.

ಆ ಮೂರು ದಿನ ನಾನು ಮಾಡಿದ ಕೆಲಸವನ್ನು ಯಾವ ಸ್ಪರ್ಧೆಗೂ ಮಾಡಿರಲಿಲ್ಲ. ನಿಘಂಟು ಹಿಡಿದು ಕೂತೆ. ವಕೀಲಿ ಓದಿದ ಒಬ್ಬ ಗೆಳತಿಗೆ ಫೋನ್ ಮಾಡಿ ಆರು ಶಬ್ದ ಕೇಳಿದೆ; ಏಳನೆಯದಕ್ಕೆ ಆಕೆ, "ನೀ ಇಂಗ್ಲಿಷ್ ಮೇಡಂ ಅಲ್ಲೇನ್ ಬೇ?" ಎಂದಳು. ಪ್ರತಿ ಷರತ್ತನ್ನೂ ನಮ್ಮ ಮಾತಿನಲ್ಲಿ ಬರೆದುಕೊಂಡೆ. ಒಂದೊಂದು ವಾಕ್ಯವನ್ನೂ ಬರೆದ ಮೇಲೆ ಎಷ್ಟು ಚಿಕ್ಕದಾಗುತ್ತಿತ್ತೆಂದರೆ ಏನೋ ಬಿಟ್ಟೆನೇನೋ ಎಂದು ಮತ್ತೆ ಹೋಗಿ ನೋಡುತ್ತಿದ್ದೆ. ಹನ್ನೊಂದನೆಯ ಷರತ್ತಿಗೆ ಬಂದಾಗ ಮಾತ್ರ ಪೆನ್ನು ನಿಂತಿತು. ಪ್ರವೇಶ ಸಿಕ್ಕವರ ಮೂಲ ಅಂಕಪಟ್ಟಿ, ಟಿ.ಸಿ. ಎಲ್ಲವನ್ನೂ ಕೋರ್ಸ್ ಮುಗಿಯುವವರೆಗೆ ಕಾಲೇಜು ಇಟ್ಟುಕೊಳ್ಳುತ್ತದೆ ಎಂದಿತ್ತು. ಕಳೆದ ವರ್ಷ ಇದೇ ಅರ್ಜಿಯನ್ನು, ಈ ಹಾಳೆ ಓದದೆಯೇ, ಇಬ್ಬರು ಮಕ್ಕಳಿಂದ ನಾನೇ ತುಂಬಿಸಿದ್ದೆ. ಅವರಿಬ್ಬರೂ ಪರೀಕ್ಷೆ ಪಾಸಾಗಲಿಲ್ಲ, ಅದು ನನ್ನ ಪುಣ್ಯ.

ಕೊನೆಯ ದಿನ ಯಜಮಾನರೇ ಜೇವರ್ಗಿಗೆ ಬಂದರು. ಮತ್ತೊಮ್ಮೆ ನಾನು ಅತನೂರಿಗೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ. "ಈ ಸಲ ಓದತೇನ್ರಿ, ಅಷ್ಟ ಮಾಡತೇನಿ," ಎಂದು ಫೋನಿನಲ್ಲಿ ಹೇಳಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ಕೂತೆವು. ಸಂಜೆ ಐದಕ್ಕೆ ಅರ್ಜಿ ಮುಚ್ಚುತ್ತಿತ್ತು. ಹಿಂದೆ ಆಧಾರ್ ತಿದ್ದುಪಡಿಗೆ, ಪಹಣಿಗೆ ಬಂದವರ ಸಾಲು.

ಓದಿದೆ. ಒಂದು ವಾಕ್ಯ ಇಂಗ್ಲಿಷ್, ಒಂದು ವಾಕ್ಯ ಕನ್ನಡ. ಯಜಮಾನರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅವಸರ ಮಾಡಿದಲ್ಲೆಲ್ಲ ಕಣ್ಣು ತೆರೆದು, "ಅದನ್ನ ಇನ್ನೊಮ್ಮಿ ಹೇಳ್ರಿ," ಅನ್ನುತ್ತಿದ್ದರು. ಹನ್ನೊಂದನೆಯದಕ್ಕೆ ಪೂರ್ತಿ ತಿರುಗಿ ಕೂತರು.

"ಮಾರ್ಕ್ಸ್ ಕಾರ್ಡ್ ಅವರ ಹಂತೇಕ ಇರ್ತದ. ಆಯ್ತು. ನಡುವ ಆಕಿಗಿ ಅಲ್ಲಿ ಸರಿ ಬರಲಿಲ್ಲ, ಮನಿಗಿ ಬರ್ತೇನಂದ್ಲು. ಆವಾಗ?"

ನನ್ನ ನಾಲಿಗೆಯ ತುದಿಗೆ ಮೂರು ಉತ್ತರ ಬಂದವು, ಮೂರೂ ಚೆನ್ನಾಗಿಯೇ ಇದ್ದವು. "ಗೊತ್ತಿಲ್ರಿ," ಎಂದೆ.

"ಹಂಗಾದ್ರ ಗೊತ್ತಿದ್ದವರಿಗಿ ಕೇಳೂಣು," ಎಂದರು, ಏನೂ ಆಗದವರಂತೆ.

ಅರ್ಜಿಯ ತಲೆಯ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿದೆವು. ಎಂಟನೆಯ ಸಲಕ್ಕೆ ಯಾರೋ ಎತ್ತಿದರು. ಫೋನನ್ನು ನಾನು ಇಸಿದುಕೊಳ್ಳುವ ಮೊದಲೇ ಹುಡುಗಿ ತಾನೇ ಇಂಗ್ಲಿಷಿನಲ್ಲಿ ಕೇಳಿದಳು, ನಡುವೆ ಬಿಟ್ಟರೆ ನನ್ನ ಕಾಗದ ಕೊಡುತ್ತೀರೋ ಇಲ್ಲವೋ? ಅಷ್ಟೇ. ಒಂದು ಅಲಂಕಾರವೂ ಇರಲಿಲ್ಲ. ಲಿಖಿತವಾಗಿ ಕೇಳಿದರೆ ಹದಿನೈದು ದಿನದೊಳಗೆ ಕೊಡುತ್ತೇವೆ ಎಂದು ಉತ್ತರ ಬಂತು. ಅದನ್ನು ಆಕೆ ಅಪ್ಪನಿಗೆ ಹೇಳಿದಳು.

"ಹೇಳೂದು ಹೇಳ್ಯಾರ. ಕಾಗದದಾಗ ಇಲ್ಲ," ಎಂದರು ಯಜಮಾನರು. ಪೆನ್ನು ತೆಗೆದು ಸಹಿಯ ಜಾಗದ ಮೇಲೆ ಕನ್ನಡದಲ್ಲಿ ನಿಧಾನವಾಗಿ ಬರೆದರು: ಮಗಳು ಕೇಳಿದ ಹದಿನೈದು ದಿನದಲ್ಲಿ ಮೂಲ ಕಾಗದ ವಾಪಸ್ ಕೊಡುವ ಮಾತಿನ ಮೇಲೆ, ಪೂರಾ ಓದಿಸಿ ಕೇಳಿ ಒಪ್ಪಿದ್ದೇನೆ.

ಸೆಂಟರಿನವನು ಬಗ್ಗಿ ನೋಡಿದ. "ಹಂಗ ಬರಿಯಾಕ ಬರಂಗಿಲ್ಲ ಕಾಕಾ. ರಿಜೆಕ್ಟ್ ಮಾಡ್ತಾರ. ಬ್ಯಾರೆ ಪ್ರಿಂಟ್ ತೆಗೀಲೇನು?"

ನಾಲ್ಕೂವರೆ ಆಗಿತ್ತು. ನಾನು ಹುಡುಗಿಯ ಮುಖ ನೋಡಿದೆ. ರಿಜೆಕ್ಟ್ ಆದರೆ ಒಂದು ವರ್ಷ ಹೋಗುತ್ತಿತ್ತು, ನನ್ನದಲ್ಲ. ಸೆಂಟರಿನವನ ಪರವಾಗಿ ವಾದಿಸಬಹುದಿತ್ತು, ಯಜಮಾನರ ಪರವಾಗಿಯೂ. ಎರಡೂ ಕಡೆ ನನಗೆ ಸಲೀಸು. ಎರಡೂ ಮಾಡಲಿಲ್ಲ.

"ನೀ ಏನಂತಿ?" ಎಂದು ಆಕೆಯನ್ನು ಕೇಳಿದೆ.

ಆಕೆ ಅಪ್ಪನ ಸಾಲನ್ನು ಓದಿದಳು. ಪೆನ್ನು ಇಸಿದುಕೊಂಡು ಅದರ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು, ಒಂದೇ ವಾಕ್ಯ. "ಈಗ ಅವರಿಗೂ ಓದಾಕ ಬರ್ತದ," ಎಂದು ಸೆಂಟರಿನವನಿಗೆ ಹೇಳಿದಳು. "ಹಿಂಗೇ ಹಾಕ್ರಣ್ಣ."

ಯಜಮಾನರು ಸಹಿ ಮಾಡಿದರು. ಸೆಂಟರಿನವನು ಹಾಳೆಗೆ ಕೈ ಚಾಚಿದ. ಅವರು ಕೊಡಲಿಲ್ಲ. ನನ್ನ ಮುಂದೆ ಇಟ್ಟು, ಸಹಿಯ ಎಡಗಡೆ ಉಳಿದಿದ್ದ ಜಾಗವನ್ನು ಬೆರಳಿನಿಂದ ತೋರಿಸಿದರು.

"ಇಲ್ಲಿ ನೀವು ಬರೀರಿ. ಓದಿ ಹೇಳಿದವರು ಅಂತ. ಕೆಳಗ ನಿಮ್ಮ ಸಹಿ."

"ಅರ್ಜ್ಯಾಗ ಅದನ್ನ ಕೇಳಿಲ್ರಿ ಅವರು."

"ಅವರು ಕೇಳಿಲ್ಲ. ನಾ ಕೇಳಾಕತ್ತೇನಿ. ಓದಿ ಹೇಳಿದವರು ಸಹಿ ಮಾಡೂದು ಮೊದಲಿಂದ ಬಂದದ್ದು. ನಾಳಿ ಹೆಚ್ಚುಕಡಿಮಿ ಆದ್ರ ಯಾರಿಗಿ ಕೇಳಬೇಕು ಅನ್ನೂದು ಗೊತ್ತಿರಬೇಕಲ್ರಿ."

ಪೆನ್ನು ಹಿಡಿದೆ. ಹತ್ತು ವರ್ಷ ವೇದಿಕೆಗಳ ಮೇಲೆ ನಿಂತು ಮಾತಾಡಿದವಳು ನಾನು. ಗಂಟೆ ಬಾರಿಸಿದ ಮೇಲೆ ಆಡಿದ್ದೆಲ್ಲವನ್ನೂ ಅಲ್ಲೇ ಬಿಟ್ಟು ಇಳಿದು ಬರುತ್ತಿದ್ದೆ; ಇದಕ್ಕೆ ನೀನು ಜವಾಬ್ದಾರಳು, ಸಹಿ ಮಾಡು ಎಂದು ಯಾವ ತೀರ್ಪುಗಾರರೂ ಹಾಳೆ ಮುಂದಿಟ್ಟಿರಲಿಲ್ಲ. ಏಳನೆಯ ಷರತ್ತನ್ನು ನಾನು ಸರಿಯಾಗಿ ಹೇಳಿದೆನೇ? 'ಮಾಡಬಹುದು' ಅಂದೆನೋ, 'ಮಾಡಬೇಕು' ಅಂದೆನೋ?

"ಒಂದ ನಿಮಿಷ ತಡೀರಿ," ಎಂದೆ. "ಮೂರನೇ ಹಾಳಿ ಇನ್ನೊಮ್ಮಿ ನೋಡತೇನಿ."

"ನೋಡ್ರಿ, ನೋಡ್ರಿ," ಎಂದರು ಯಜಮಾನರು.

ಸಾಲಿನ ಹಿಂದಿನಿಂದ ಒಬ್ಬರು, "ಏನ್ ಓದಾಕತ್ತೀರ್ರಿ ಅಷ್ಟ? ಒತ್ತಿ ಬಿಡ್ರಿ, ಎಲ್ಲಾರೂ ಒತ್ತತಾರ," ಎಂದರು. ಹುಡುಗಿ ಹಿಂದೆ ತಿರುಗಿ, "ಹತ್ತು ನಿಮಿಷ ಕಾಕಾ," ಎಂದು ಹೇಳಿ, ನನ್ನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತಳು. ಇಬ್ಬರೂ ಏಳನೆಯದರಿಂದ ಶುರು ಮಾಡಿದೆವು. ನಾನು ಓದಿದೆ, ಆಕೆ ಅಪ್ಪನಿಗೆ ಹೇಳಿದಳು. ಹೊರಗೆ ಶಹಾಪುರದ ಬಸ್ಸು ಬಂದು ಹೋಯಿತು. ಐದಕ್ಕೆ ಒಂಬತ್ತು ನಿಮಿಷ ಇರುವಾಗ ಸಹಿ ಮಾಡಿದೆ, ಐದಕ್ಕೆ ನಾಲ್ಕು ನಿಮಿಷ ಇರುವಾಗ ಅರ್ಜಿ ಸೇರಿದ ನಂಬರ್ ಪರದೆಯ ಮೇಲೆ ಬಂತು, ಹುಡುಗಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ಅಂಗೈ ಮೇಲೆ ಬರೆದುಕೊಂಡಳು.